ಒಂದು ನಿಮಿಷ ಮೂವತ್ತೆಂಟು ಸೆಕೆಂಡು

ಎವೆಲಿಯೊ ಸಿಟ್ಟು ಬಂದಾಗ ಕೂಗಾಡುವವನಲ್ಲ. ಬೀಗದ ಕೈಗಳ ಗೊಂಚಲನ್ನು ಊಟದ ಮೇಜಿನ ಮೇಲೆ ಸದ್ದಾಗದಂತೆ ಇಡುತ್ತಾನೆ, ಆಮೇಲೆ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಮದುವೆಯಾದ ಆರು ವರ್ಷಗಳಲ್ಲಿ ನೊಯ್ಲಿನ್ ಚೆನ್ನಾಗಿ ಕಲಿತ ಪಾಠವೆಂದರೆ ಇದೊಂದೇ. ಗೊಂಚಲು ದಢಾರನೆ ಬಿದ್ದರೆ ಬಂದರಿನಲ್ಲಿ ಯಾರ ಮೇಲೋ ಮುನಿಸು, ಬಿಸಿ ಕಾಫಿ ಕೊಟ್ಟರೆ ಇಳಿಯುತ್ತದೆ. ಸದ್ದಿಲ್ಲದೆ ಕೂತರೆ ಮುನಿಸು ಅವಳ ಮೇಲೆ.

ಆ ಗುರುವಾರ ಸಂಜೆ ಗೊಂಚಲು ಸದ್ದಿಲ್ಲದೆ ಕೂತಿತು. ಅದರ ಪಕ್ಕದಲ್ಲಿ ಅವಳ ಫೋನು.

"ನೋಯ್, ಬಾ ಇಲ್ಲಿ. ಕೂತ್ಕೊ," ಎಂದ.

ಅವನ ಫೋನಿನ ಬ್ಯಾಟರಿ ಮುಗಿದಿತ್ತಂತೆ. ಬಂದರಿನ ಮೇಸ್ತ್ರಿಗೆ ಕರೆ ಮಾಡಬೇಕಿತ್ತಂತೆ. ಅದಕ್ಕೇ ಇವಳದನ್ನು ತೆಗೆದುಕೊಂಡನಂತೆ. ಇಷ್ಟನ್ನೂ ಸಾವಧಾನವಾಗಿ ವಿವರಿಸಿದ. ಅವನಿಗೆ ಇಂಥ ಸಾವಧಾನ ಯಾವಾಗ ಬರುತ್ತದೆಂದು ಗೊತ್ತಿದ್ದ ನೊಯ್ಲಿನ್‌ಗೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಎಲ್ಲಿಡಬೇಕೆಂದೇ ತೋಚಲಿಲ್ಲ.

"ಈ ವಿಲ್ಬರ್ತ್ ಅನ್ನೋನು ಯಾರು?"

"ಇಂಗ್ಲಿಷ್ ಕ್ಲಾಸಿಗೆ ಬರ್ತಾರೆ. ಔಷಧಿ ಅಂಗಡಿಯವರು. ಅರವತ್ತು ವರ್ಷ ಆಗಿದೆ."

"ಅರವತ್ತಾದ್ರೂ ಹೃದಯ ಗಟ್ಟಿಯಾಗೇ ಇದೆ. ನಿಂಗೊಂದು ಕಳ್ಸಿದಾನೆ ನೋಡು, ಕೆಂಪುದು."

ಹೇಳಿ, ಹೃದಯದ ಚಿತ್ರದ ಮೇಲಿದ್ದ ಧ್ವನಿ ಸಂದೇಶವನ್ನು ಒತ್ತಿದ. ಅವಳದೇ ದನಿ ಹೊರಗೆ ಬಂತು. ಇಂಗ್ಲಿಷ್ ಮಾತಾಡುವಾಗ ಅವಳ ದನಿ ಸ್ವಲ್ಪ ಮೇಲಿರುತ್ತದೆ, ಶಾಲೆಯಲ್ಲಿ ಎದ್ದು ನಿಂತು ಪಾಠ ಒಪ್ಪಿಸುವವರ ಹಾಗೆ. ಎವೆಲಿಯೊ ತಲೆ ಓರೆ ಮಾಡಿ ಕೇಳಿದ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ತನ್ನ ಹೆಸರು ಯಾವ ಭಾಷೆಯ ನಡುವೆ ಬಂದರೂ ಮನುಷ್ಯನಿಗೆ ಕೇಳಿಸುತ್ತದೆ. ಒಮ್ಮೆ ಬಂತು, ಕೂಡಲೇ ಇನ್ನೊಮ್ಮೆ ಬಂತು. ನಡುವೆ ಒಮ್ಮೆ, ಕೊನೆಯಲ್ಲಿ ಒಮ್ಮೆ.

"ನಾಲ್ಕು ಸಲ," ಎಂದ ಎವೆಲಿಯೊ. "ಒಂದು ನಿಮಿಷ ಮೂವತ್ತೆಂಟು ಸೆಕೆಂಡಲ್ಲಿ ನಾಲ್ಕು ಸಲ ನಾನು. ಉಳಿದಿದ್ದೇನು?"

"ಗಂಡನ ಬಗ್ಗೆ ಹೇಳಿ ಅಂತ ಕೇಳಿದ್ರು. ಬಂದರಲ್ಲಿ ಕ್ರೇನ್ ಓಡಿಸ್ತೀಯ ಅಂದೆ."

"ಅಷ್ಟೇನಾ."

"ಅಷ್ಟೆ."

ಅವನು ತಲೆಯಾಡಿಸಿದ. ಫೋನಿನ ಅನುವಾದಕಕ್ಕೆ ಆಗಲೇ ಕೇಳಿಸಿ ನೋಡಿದ್ದನಂತೆ. ಇವಳ ಉಚ್ಚಾರ ಕೇಳಿ ಅದು ಗಾಬರಿಗೊಂಡು, ಹಂದಿಯೊಂದು ಮಂಜುಗಡ್ಡೆ ಹತ್ತಿ ಹೊರಟಿತು ಎಂದು ಬರೆದು ತೋರಿಸಿತಂತೆ. ಬಂದರಿನಲ್ಲಿ ಇಂಗ್ಲಿಷ್ ಬಲ್ಲವರು ಬೇಕಾದಷ್ಟು ಜನ. ಆದರೆ ಮನೆಯ ಮಾತನ್ನು ಅವರ ಬಾಯಿಗೆ ಹಾಕುವಷ್ಟು ದಡ್ಡ ಅವನಲ್ಲ.

"ಭಾನುವಾರ ಮಿಸ್ ಇಸಿಲ್ಡಾ ಮನೇಲಿ ಊಟ. ಅವ್ರು ಹೊರಗಿನವ್ರಲ್ಲ, ಇಂಗ್ಲಿಷೂ ಬರುತ್ತೆ. ಕೇಳಿ ಹೇಳ್ತಾರೆ. ಅಲ್ಲೀವರ್ಗೂ ಇದು ನನ್ನ ಹತ್ರ ಇರ್ಲಿ." ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಫೋನಿನ ಹಿಂದಿನ ಕವಚದಲ್ಲೇ ಅವಳ ಗುರುತಿನ ಚೀಟಿಯೂ ಬ್ಯಾಂಕಿನ ಕಾರ್ಡೂ ಇದ್ದವು. ಅದು ಅವನಿಗೂ ಗೊತ್ತಿತ್ತು. "ಅನ್ನ ಬಡಿಸು. ಹಸಿವಾಗಿದೆ."

ಇಂಗ್ಲಿಷ್ ಕ್ಲಾಸಿಗೆ ಅವಳನ್ನು ಕಳಿಸಿದವನು ಅವನೇ. ಪ್ರವಾಸಿ ಹಡಗುಗಳು ಬಂದಾಗ ಲಿಮೊನ್ ಪೇಟೆಯಲ್ಲಿ ನಾಲ್ಕು ಮಾತು ಇಂಗ್ಲಿಷ್ ಬಲ್ಲ ಹೆಂಗಸಿಗೆ ಕೆಲಸ ಸಿಗುತ್ತದೆಂದು ಯಾರೋ ಹೇಳಿದ್ದರು. ಮಾರುಕಟ್ಟೆಯ ಹಿಂದೆ, ಮೊಳೆ ಬಣ್ಣ ಮಾರುವ ಅಂಗಡಿಯ ಮಹಡಿಯಲ್ಲಿ ಟೀಚರ್ ಮಾರ್ವಾ ವಾರಕ್ಕೆ ಮೂರು ಸಂಜೆ ಪಾಠ ಮಾಡುತ್ತಾಳೆ. ಮೊದಲ ತಿಂಗಳು ಮಳೆ ಬಿಸಿಲು, ಎರಡನೆಯ ತಿಂಗಳು ತಿಂಡಿ ತೀರ್ಥ, ದಾರಿ ಕೇಳುವುದು. ಮೂರನೆಯ ತಿಂಗಳು ಅವಳು ಚೀಲದಿಂದ ನೀಲಿ ಕಾರ್ಡುಗಳ ಕಟ್ಟು ತೆಗೆದಳು. ಸಂತೋಷವೆಂದರೆ ಏನು? ನಿನಗೆ ನೀನು ಎಷ್ಟು ಬೆಲೆ ಕೊಡುತ್ತೀ? ಬದುಕಿನ ಯಾವ ನಿರ್ಧಾರವನ್ನು ಬದಲಾಯಿಸಲು ಇಷ್ಟಪಡುತ್ತೀ?

ಇಂಥ ಪ್ರಶ್ನೆಯನ್ನು ನಮ್ಮೂರಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಹೇಗಿದ್ದೀ ಎಂದರೆ ಎಲ್ಲಾ ಭೇಷ್ ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಮನೆ ಸುಟ್ಟು ಬೂದಿಯಾದವನೂ ಅದನ್ನೇ ಹೇಳುತ್ತಾನೆ. ಕಾರ್ಡು ನೋಡಿ ಕ್ಲಾಸಿನ ಒಂಬತ್ತು ಜನರೂ ನಕ್ಕರು. ಮಾರ್ವಾ ನಗಲಿಲ್ಲ.

"ದಿನಕ್ಕೊಂದು ಕಾರ್ಡು. ಒಂದು ನಿಮಿಷಕ್ಕೆ ಕಮ್ಮಿ ಇಲ್ದಂಗೆ ಮಾತಾಡಿ ಗ್ರೂಪಿಗೆ ಕಳ್ಸಿ. ನಿಜ ಹೇಳ್ತೀರೋ ಸುಳ್ಳು ಹೇಳ್ತೀರೋ ನಂಗೆ ಬೇಡ, ವಾಕ್ಯ ಪೂರ್ತಿ ಆಗ್ಬೇಕು. ಕೊನೇಲಿ ಕೇಳಿದ್ದಕ್ಕೆ ಧನ್ಯವಾದ ಅಂತ ಹೇಳ್ಬೇಕು. ಮರ್ಯಾದೆಯೂ ಪಾಠವೇ."

ಎಲ್ಲರೂ ಮನಸಾರೆ ಸುಳ್ಳು ಹೇಳಿದರು. ಔಷಧಿ ಅಂಗಡಿಯ ವಿಲ್ಬರ್ತ್ ಕೆನಡಾದಲ್ಲಿ ಮನೆ ಕಟ್ಟಿಸಿದರು. ಬ್ಯಾಂಕಿನ ಹುಡುಗಿ ಮೂರು ಕುದುರೆ ಸಾಕಿದಳು. ನಿಜ ಹೇಳಿದವಳು ನೊಯ್ಲಿನ್ ಒಬ್ಬಳೇ. ಧೈರ್ಯದಿಂದ ಅಂದುಕೊಳ್ಳಬೇಡಿ. ಸುಳ್ಳಿಗೆ ಬೇಕಾಗುವಷ್ಟು ಪದಗಳು ಅವಳ ಬಳಿ ಇರಲಿಲ್ಲ. ಕುದುರೆ ಸಾಕಬೇಕೆಂದರೆ ಲಾಯಕ್ಕೆ ಏನನ್ನುತ್ತಾರೆ, ಲಗಾಮಿಗೆ ಏನನ್ನುತ್ತಾರೆ ಎಂದು ತಿಳಿದಿರಬೇಕು. ಕಲ್ಲು, ಸಮುದ್ರ, ಕೈ, ಹೆದರಿಕೆ ಇವು ಮೊದಲ ಪಾಠಗಳಲ್ಲೇ ಬಂದಿದ್ದವು. ಅಲ್ಲದೆ ಇಂಗ್ಲಿಷ್ ಎಂದರೆ ಎವೆಲಿಯೊ ಬಳಿ ಬೀಗದ ಕೈ ಇಲ್ಲದ ಕೋಣೆ ಎಂದು ಅವಳಿಗೆ ಅನ್ನಿಸಿತ್ತು. ಬಟ್ಟೆ ಒಗೆಯುವ ಕಲ್ಲಿನ ಬಳಿ ನಿಂತು, ನಲ್ಲಿ ಬಿಟ್ಟುಕೊಂಡು ಹೀಗೆ ಹೇಳಿದ್ದಳು.

"ನನ್ನ ಹೆಸರು ನೊಯ್ಲಿನ್. ಯಾವ ನಿರ್ಧಾರವನ್ನು ಬದಲಾಯಿಸುತ್ತೀ ಎಂದು ಕಾರ್ಡು ಕೇಳುತ್ತದೆ. ನಾನು ಎವೆಲಿಯೊನನ್ನು ಬದಲಾಯಿಸುತ್ತೇನೆ. ಎವೆಲಿಯೊ ನನ್ನ ಗಂಡ. ನಾನು ಸಂತೋಷವಾಗಿ ಇಲ್ಲ. ಒಂದು ಹಬ್ಬದಲ್ಲಿ ನಾನು ಜೋರಾಗಿ ನಕ್ಕೆ. ಮರುದಿನ ಎವೆಲಿಯೊ ನನ್ನನ್ನು ಸಮುದ್ರದ ಗೋಡೆಯ ಕೊನೆಯ ಕಲ್ಲಿನ ಮೇಲೆ ನಿಲ್ಲಿಸಿದ. ನನ್ನ ಒಂದು ಕೈ ಹಿಡಿದುಕೊಂಡ. ಬಿಡಲೇ, ಬಿಡಲೇ ಎಂದು ಕೇಳಿದ. ಅವನು ನಗುತ್ತಿದ್ದ. ನನಗೆ ಈಜು ಬರುವುದಿಲ್ಲ. ಅದು ಅವನಿಗೆ ಗೊತ್ತು. ನಂತರ ಅವನು ನನಗೆ ಐಸ್ ಕೊಡಿಸಿದ. ಅದು ಕೆಂಪು ಬಣ್ಣದ್ದು. ಡಿಸೆಂಬರಿನಲ್ಲಿ ನನ್ನ ಪಾಠ ಮುಗಿಯುತ್ತದೆ. ಆಗ ನಾನು ಸಾನ್ ಹೊಸೆಗೆ ಹೋಗುತ್ತೇನೆ. ಫೋನಿನಲ್ಲಿ ಮಾತಾಡುವ ಕೆಲಸ ಮಾಡುತ್ತೇನೆ. ಎವೆಲಿಯೊಗೆ ಗೊತ್ತಿಲ್ಲ. ಕೇಳಿದ್ದಕ್ಕೆ ಧನ್ಯವಾದ. ನಿಮ್ಮ ದಿನ ಚೆನ್ನಾಗಿರಲಿ."

ಕಳಿಸಿದ ಮೇಲೆ ಎದೆ ಹಗುರಾಗಿತ್ತು. ಆ ಹಗುರಕ್ಕೆ ಈಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

ಶುಕ್ರವಾರ ಎವೆಲಿಯೊ ಬಹಳ ಒಳ್ಳೆಯವನಾಗಿದ್ದ. ಬೆಳಿಗ್ಗೆ ಬಿಸಿ ಬ್ರೆಡ್ ತಂದ. ಸೋರುತ್ತಿದ್ದ ನಲ್ಲಿ ಸರಿ ಮಾಡಿದ. "ಕ್ಲಾಸಿಗೆ ಹೋಗು, ಯಾರು ಬೇಡ ಅಂದ್ರು?" ಎಂದು ತಾನೇ ಕಾರಿನಲ್ಲಿ ಕರೆದುಕೊಂಡು ಹೋದ. ಅಲೆ ತಡೆಯುವ ಆ ಸಮುದ್ರದ ಗೋಡೆಯ ಹತ್ತಿರ ಹೋದ ದಿನವೂ ಅವನು ಬೆಳಿಗ್ಗೆಯಿಂದ ಹೀಗೆಯೇ ಇದ್ದ. ವಾಪಸು ಬರುವಾಗ ಕೆಂಪು ಶರಬತ್ತು ಸುರಿದ ಐಸ್ ಪುಡಿ ಕೊಡಿಸಿ, ಕರವಸ್ತ್ರದಿಂದ ಅವಳ ಗಲ್ಲ ಒರೆಸಿದ್ದ. ಐಸಿನ ಗಾಡಿಯವಳು, ಇಂಥ ಗಂಡ ಎಲ್ಲಿ ಸಿಕ್ಕಿದನಮ್ಮಾ ಎಂದಿದ್ದಳು.

ಪಾಠ ಮುಗಿದಾಗ ವಿಲ್ಬರ್ತ್ ಹತ್ತಿರ ಬಂದು ಪಿಸುಗುಟ್ಟಿದರು. "ಮೊನ್ನೆ ನಿಮ್ಮ ಕತೆ ಕೇಳಿ ನನ್ನ ಹೆಂಡ್ತಿ ಅತ್ತುಬಿಟ್ಲು. ಆ ಕೆಂಪು ಐಸು, ಅಬ್ಬಾ. ನನ್ನ ಕೆನಡಾ ಮನೆ ಅದ್ರ ಮುಂದೆ ಏನೂ ಅಲ್ಲ. ಎಲ್ಲಿಂದ ತರ್ತೀರಿ ಇದನ್ನೆಲ್ಲ?"

ಆಗ ಅವಳಿಗೆ ತಿಳಿಯಿತು. ಕೆಂಪು ಹೃದಯ ಬಂದಿದ್ದು ಸುಳ್ಳನ್ನು ಚೆನ್ನಾಗಿ ಕಟ್ಟಿದ್ದಕ್ಕೆ.

"ಟೀವಿಯಿಂದ," ಎಂದಳು. ಕಿಟಕಿಯ ಕೆಳಗೆ, ಬಣ್ಣದ ಡಬ್ಬಿಗಳ ಪಕ್ಕದಲ್ಲಿ ಎವೆಲಿಯೊ ಕಾರಿಗೆ ಒರಗಿ ನಿಂತು ಮೇಲೆ ನೋಡುತ್ತಿದ್ದ. ವಿಲ್ಬರ್ತ್‌ಗೆ ನಿಜ ಹೇಳಬಹುದಿತ್ತು. ಮಾರ್ವಾಳ ಕೈ ಹಿಡಿದು ಹೇಳಬಹುದಿತ್ತು. ಇಂಗ್ಲಿಷಿನಲ್ಲಿ ಸಲೀಸಾಗಿ ಬಂದ ಮಾತು ತನ್ನ ಭಾಷೆಯಲ್ಲಿ ಬರಲಿಲ್ಲ.

ಶನಿವಾರ ಎವೆಲಿಯೊಗೆ ಬೆಳಗಿನ ಪಾಳಿ. ಅವನು ಅತ್ತ ಹೋದದ್ದೇ ನೊಯ್ಲಿನ್ ಮಿಸ್ ಇಸಿಲ್ಡಾ ಮನೆಗೆ ಓಡಿದಳು. ನಾಳೆಯ ಅನ್ನಕ್ಕೆ ಕಾಯಿ ತುರಿದುಕೊಡುತ್ತೇನೆಂಬ ನೆಪ.

ಮಿಸ್ ಇಸಿಲ್ಡಾಗೆ ಎಪ್ಪತ್ತೆಂಟು. ಅವಳ ಅಜ್ಜ ರೈಲು ಹಾದಿ ಹಾಕಲು ಜಮೈಕಾದಿಂದ ಹಡಗಿನಲ್ಲಿ ಬಂದವನು, ಹಾಗಾಗಿ ಅವಳ ತೊಟ್ಟಿಲ ಮಾತೇ ಇಂಗ್ಲಿಷ್. ಎವೆಲಿಯೊನ ತಾಯಿ ಬಾಳೆಹಣ್ಣು ತುಂಬುವ ಕಾರ್ಖಾನೆಗೆ ಹೋಗುವಾಗ ಮಗನನ್ನು ಇವಳ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದಳು. ನಾಲ್ಕನೆಯ ವಯಸ್ಸಿನಿಂದ ಹತ್ತರವರೆಗೆ ಅವನು ಬೆಳೆದದ್ದು ಇಲ್ಲೇ, ಇವಳ ಊಟದ ಮೇಜಿನ ಕೆಳಗೆ. ಅವನ ಜೊತೆ ಅವಳು ಆಡಿದ್ದೆಲ್ಲ ಊರಿನ ಮಾತೇ, ಇಂಗ್ಲಿಷಲ್ಲ. ಇಂದಿಗೂ ಅವನು ತಲೆಬಾಗುವುದು ಇವಳೊಬ್ಬಳಿಗೆ.

ಇನ್ನೊಂದು ವಿಷಯ ಇಡೀ ಕೇರಿಗೆ ಗೊತ್ತು. ಮಿಸ್ ಇಸಿಲ್ಡಾ ಸುಳ್ಳು ಹೇಳುವುದಿಲ್ಲ. ಪಾದ್ರಿಗೆ ತುಂಬಿದ ಚರ್ಚಿನಲ್ಲೇ, ಹೋದ ವರ್ಷವೂ ಇದೇ ಪ್ರಸಂಗ ಮಾಡಿದಿರಿ ಎಂದವಳು. ಸಾಯಲು ಮಲಗಿದ್ದ ಪಕ್ಕದ ಮನೆಯವಳು, ನಾನು ಉಳಿಯುತ್ತೇನಾ ಎಂದು ಕೇಳಿದಾಗ, ಇಲ್ಲ ಕಣೇ, ನನ್ನ ದೊಡ್ಡ ಪಾತ್ರೆ ಎಲ್ಲಿಟ್ಟಿದ್ದೀ ಎಂದು ವಿಚಾರಿಸಿದವಳು.

ಹಿತ್ತಲಲ್ಲಿ ಕೂತು ನೊಯ್ಲಿನ್ ಎರಡು ಕಾಯಿ ತುರಿದಳು. ಮೂರನೆಯದಕ್ಕೆ ಬಾಯಿ ಬಿಟ್ಟಳು.

"ಮಿಸ್, ನಾಳೆ ಎವೆಲಿಯೊ ನಿಮಗೊಂದು ಕೇಳಿಸ್ತಾನೆ."

"ಫೋನ್ ಮಾಡಿ ಹೇಳಿದಾನೆ."

"ಅದ್ರಲ್ಲಿರೋದನ್ನ ಸ್ವಲ್ಪ ಬೇರೆ ಥರ ಹೇಳೋಕಾಗುತ್ತಾ? ಮಳೆ ಬಿಸಿಲಿನ ಬಗ್ಗೆ ಮಾತಾಡಿದಾಳೆ ಅಂತ."

"ಮಳೆ ಬಿಸಿಲಲ್ಲಿ ಎವೆಲಿಯೊ ನಾಲ್ಕು ಸಲ ಬರ್ತಾನಾ?"

"ಮಿಸ್, ದಮ್ಮಯ್ಯ ಅಂತೀನಿ."

"ಏನಿದೆ ಅಂತ ಈಗ ನಂಗೆ ಹೇಳ್ಬೇಡ." ಮುದುಕಿ ಕಾಯಿಹಾಲು ಹಿಂಡುತ್ತಿದ್ದ ಬಟ್ಟೆಯನ್ನು ಬಿಗಿಯಾಗಿ ತಿರುಚಿದಳು. "ನಾಳೆ ಕೇಳ್ತೀನಿ. ಏನಿದೆಯೋ ಅದನ್ನೇ ಹೇಳ್ತೀನಿ. ಇಲ್ದೇ ಇರೋದನ್ನ ಹೇಳೋಕೆ ನನ್ನ ಬಾಯಿಗೆ ಅಭ್ಯಾಸ ಇಲ್ಲ. ನನ್ನ ಕೈತುತ್ತು ತಿಂದ ಮಗು ಅದು. ಅವನಿಗೆ ನಾನು ಸುಳ್ಳು ಹೇಳ್ಲಾ?"

ನೊಯ್ಲಿನ್ ಎದ್ದು ನಡುಮನೆಗೆ ಹೋಗಿ ನೀರು ಕುಡಿದಳು. ಗೋಡೆಯ ಮೇಲೆ ಮಿಸ್ ಇಸಿಲ್ಡಾಳ ತೀರಿಹೋದ ಗಂಡ ಮಿಸ್ಟರ್ ಸೆಡ್ರಿಕ್ ಫೋಟೊ. ಹ್ಯಾಟು, ಕಪ್ಪು ಟೈ, ರೈಲ್ವೆಯ ಪದಕ. ಊರಿನಲ್ಲಿ ಅವನಂಥ ಸಭ್ಯಸ್ಥ ಇನ್ನೊಬ್ಬ ಇರಲಿಲ್ಲವಂತೆ. ಪಕ್ಕದ ಮೊಳೆಗೆ ಅವನ ಜೇಬಿನ ಗಡಿಯಾರ ನೇತಾಡುತ್ತಿತ್ತು, ನಿಂತು ಎಷ್ಟೋ ವರ್ಷವಾಗಿತ್ತು. ಕೀಲಿ ಕೊಟ್ಟರೆ ನಡೆಯುತ್ತದೆಂದು ಎಲ್ಲರೂ ಹೇಳುತ್ತಾರೆ. ಮಿಸ್ ಇಸಿಲ್ಡಾ ಕೊಡುವುದಿಲ್ಲ.

ವಾಪಸು ಬರುವಾಗ ಬಸ್ ನಿಲ್ದಾಣದ ಮುಂದೆ ನಿಂತಳು. ಗುರುತಿನ ಚೀಟಿ ಇಲ್ಲ, ಕಾರ್ಡಿಲ್ಲ, ಪರ್ಸಿನಲ್ಲಿ ರಾಜಧಾನಿ ಸಾನ್ ಹೊಸೆಯ ಬಸ್ಸಿಗೆ ಸಾಲುವಷ್ಟು ಹಣ ಇರಲಿಲ್ಲ. ಟಿಕೇಟಿನ ಕಿಟಕಿಯಲ್ಲಿದ್ದವನು ಎವೆಲಿಯೊ ಜೊತೆ ಚೆಂಡಾಡುವವನು. ಅವಳನ್ನು ಕಂಡು ಕೈಬೀಸಿ, "ಹೇಗಿದ್ದೀಯ ನೊಯ್ಲಿನ್?" ಎಂದ.

"ಎಲ್ಲಾ ಭೇಷ್," ಎಂದಳು, ಮನೆಗೆ ಹೋದಳು.

ಭಾನುವಾರ ಚರ್ಚು ಮುಗಿಸಿ ಮೂವರೂ ಊಟಕ್ಕೆ ಕೂತರು. ಕಾಯಿಹಾಲಿನಲ್ಲಿ ಬೇಯಿಸಿದ ಅನ್ನ, ಕೆಂಪು ಬೀನ್ಸ್ ಕಾಳು, ಕೋಳಿ, ಕರಿದ ಬಾಳೆ. ಎವೆಲಿಯೊ ಎರಡು ಸಲ ಹಾಕಿಸಿಕೊಂಡ. ಮಿಸ್ ಇಸಿಲ್ಡಾ, ಬಂದರಿನ ಊಟ ತಿಂದು ಬಡಕಲಾಗಿದ್ದೀ ಎಂದು ಗದರಿದಳು. ಅವನು ಎಳೆಯ ಹುಡುಗನ ಹಾಗೆ ನಕ್ಕ. ನೊಯ್ಲಿನ್‌ಗೆ ಒಂದೇ ಆಸೆ ಉಳಿದಿತ್ತು. ಮಿಸ್‌ದು ಚರ್ಚಿನಲ್ಲಿ, ಒಲೆಯ ಮುಂದೆ ಬೆಳೆದ ಹಳೆಯ ಇಂಗ್ಲಿಷ್, ತನ್ನದು ಕಾರ್ಡಿನ ಇಂಗ್ಲಿಷ್. ಅವಳಿಗೆ ಅರ್ಥವಾಗದೆ ಹೋದರೆ!

ತಟ್ಟೆ ಎತ್ತಿದ್ದಾಯಿತು. ಎವೆಲಿಯೊ ಗೊಂಚಲನ್ನು ಮೇಜಿನ ಮೇಲಿಟ್ಟ. ಸದ್ದಾಗಲಿಲ್ಲ. ಫೋನನ್ನು ಮಿಸ್ ಮುಂದೆ ಸರಿಸಿದ.

"ಇದೇ, ಮಿಸ್. ನಿಧಾನಕ್ಕೆ ಕೇಳಿ. ಅವಸರ ಇಲ್ಲ."

ಮುದುಕಿ ಕನ್ನಡಕ ಹಾಕಿಕೊಂಡಳು, ಕೇಳುವುದಕ್ಕೂ ಅದು ಬೇಕೆನ್ನುವ ಹಾಗೆ. ಪೂರ್ತಿ ಒಂದು ಸಲ ಕೇಳಿದಳು. "ಏನು ಇಂಗ್ಲಿಷೋ ಇದು, ಕಾಗದ ಅಗಿದಂಗೆ," ಎಂದಳು. ನೊಯ್ಲಿನ್‌ಗೆ ಹೋದ ಜೀವ ಬಂದಂತಾಯಿತು. ಮುದುಕಿ ಇನ್ನೊಂದು ಸಲ ಕೇಳಿದಳು. ಈ ಸಲ ನಡುವೆ ಎಲ್ಲೋ ಅವಳ ಗಲ್ಲದ ಕೆಳಗಿನ ಚರ್ಮ ಅದುರಿತು. ಫೋನನ್ನು ಬೋರಲು ಹಾಕಿ, ಕನ್ನಡಕ ತೆಗೆದು, ಎವೆಲಿಯೊನ ಮುಖ ನೋಡುತ್ತ ಹೇಳತೊಡಗಿದಳು. ಇವಳು ಹೀಗನ್ನುತ್ತಾಳೆ ಎಂದು ಹೇಳಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ, ನಾನು ನಾನು ಎಂದೇ ಹೇಳಿದಳು.

"ನನ್ನ ಹೆಸ್ರು ನೊಯ್ಲಿನ್. ಯಾವ ನಿರ್ಧಾರ ಬದಲಾಯಿಸ್ತೀಯ ಅಂತ ಕೇಳ್ತಾರೆ. ಎವೆಲಿಯೊನ ಕಟ್ಕೊಂಡಿದ್ದು. ಎವೆಲಿಯೊ ನನ್ನ ಗಂಡ. ನಂಗೆ ಸುಖ ಇಲ್ಲ. ಹಬ್ಬದಲ್ಲಿ ಜೋರಾಗಿ ನಕ್ಕೆ ಅಂತ ಮಾರನೇ ದಿನ ಎವೆಲಿಯೊ ನನ್ನನ್ನ ಸಮುದ್ರದ ಗೋಡೆ ತುದೀಲಿ ನಿಲ್ಲಿಸ್ದ. ಒಂದು ಕೈ ಹಿಡ್ಕೊಂಡು, ಬಿಡ್ಲಾ, ಬಿಡ್ಲಾ ಅಂತ ನಗ್ತಾ ಕೇಳ್ದ. ನಂಗೆ ಈಜು ಬರಲ್ಲ. ಅವನಿಗೆ ಅದು ಗೊತ್ತು."

ಇಂಗ್ಲಿಷಿನಲ್ಲಿ ಹೇಳಿದಾಗ ಅದು ಪಾಠದ ಹಾಗಿತ್ತು. ಈಗ ಮನೆಯ ಮಾತಿನಲ್ಲಿ ಕೇಳಿದಾಗ ನೊಯ್ಲಿನ್‌ಗೆ ಕಲ್ಲಿನ ಮೇಲಿನ ಪಾಚಿ ಮತ್ತೆ ಅಂಗಾಲಿಗೆ ತಾಗಿದಂತಾಯಿತು. ಎವೆಲಿಯೊ ಕದಲಲಿಲ್ಲ. ಅವನ ತುಟಿಯಲ್ಲಿ ಒಂದು ಸಣ್ಣ ನಗು ಇತ್ತು. ಆ ನಗು ಅವಳಿಗೆ ಗೊತ್ತು.

ಮುದುಕಿ ಒಂದನ್ನೂ ಬಿಡಲಿಲ್ಲ. ಐಸು ಹೇಳಿದಳು, ಕೆಂಪು ಬಣ್ಣ ಹೇಳಿದಳು. ಡಿಸೆಂಬರ್ ಹೇಳಿದಳು, ಸಾನ್ ಹೊಸೆ ಹೇಳಿದಳು. "ಎವೆಲಿಯೊಗೆ ಗೊತ್ತಿಲ್ಲ. ಕೇಳಿದ್ದಕ್ಕೆ ಧನ್ಯವಾದ. ನಿಮ್ಮ ದಿನ ಚೆನ್ನಾಗಿರ್ಲಿ."

ಮುಗಿಯಿತು. ಎವೆಲಿಯೊ ಉಸಿರು ಬಿಟ್ಟು ಗೊಂಚಲಿನ ಕಡೆ ಕೈ ಚಾಚಿದ.

ಮಿಸ್ ಇಸಿಲ್ಡಾ ನಿಲ್ಲಿಸಲಿಲ್ಲ.

"ನನ್ನ ಗಂಡ ಕೂಗಾಡ್ತಿರ್ಲಿಲ್ಲ," ಎಂದಳು, ಅದೇ ದನಿಯಲ್ಲಿ, ಅವನ ಮುಖ ನೋಡುತ್ತಲೇ. "ಗಡಿಯಾರ ತೆಗ್ದು ಮೇಜಿನ ಮೇಲೆ ಇಡ್ತಿದ್ದ. ಸದ್ದಾಗ್ದಂಗೆ. ಚರ್ಚಿಂದ ಎಷ್ಟು ನಿಮಿಷ ತಡವಾಗಿ ಬಂದೆ ಅಂತ ನನ್ನ ಬಾಯಿಂದಾನೇ ಹೇಳಿಸ್ತಿದ್ದ. ನಾಲ್ಕು ನಿಮಿಷ ಅಂದ್ರೆ ನಾಲ್ಕು. ಏಳು ಅಂದ್ರೆ ಏಳು. ಆಮೇಲೆ ಎದ್ದು ಬಾಗ್ಲು ಹಾಕ್ತಿದ್ದ, ನಿಮಿಷಕ್ಕೊಂದು ಏಟು."

ನೊಯ್ಲಿನ್ ತಲೆಯೆತ್ತಿದಳು. ಇವು ತನ್ನ ಮಾತುಗಳಲ್ಲ. ಇಷ್ಟು ಪದಗಳು ತನಗೆ ಬರುವುದೇ ಇಲ್ಲ.

"ಊರೆಲ್ಲ ಅವನನ್ನ ದೊಡ್ಡ ಮನುಷ್ಯ ಅಂತು. ನನ್ನನ್ನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಲವತ್ತೊಂದು ವರ್ಷ. ಮನೇಲಿ ಇನ್ನೊಬ್ರ ಮಗು ಇರ್ತಿತ್ತು ಹಗಲು ಹೊತ್ತು. ಗಡಿಯಾರ ಕಂಡ್ರೆ ಸಾಕು, ಅದು ಮೇಜಿನ ಕೆಳಗೆ ಹೋಗಿ ಕಿವಿ ಮುಚ್ಕೊಂಡು ಕೂರ್ತಿತ್ತು. ಒಂದ್ಸಲ ನಾನು ಬಿದ್ದಾಗ ನನ್ನ ಕೈ ಅದರ ಕಾಲಿಗೆ ತಾಗ್ತು. ಅದು ನನ್ನ ಬೆರಳನ್ನ ಹಿಡ್ಕೊಂತು. ಅವನು ಕೋಣೆಯಿಂದ ಹೋಗೋವರ್ಗೂ ಬಿಡ್ಲಿಲ್ಲ."

ಹಿತ್ತಲಲ್ಲಿ ಕೋಳಿಯೊಂದು ಕೆದಕುತ್ತಿದ್ದ ಸದ್ದು ಕೇಳುತ್ತಿತ್ತು. ಎವೆಲಿಯೊನ ತುಟಿಯಲ್ಲಿದ್ದ ನಗು ಯಾವಾಗ ಹೋಯಿತೋ ತಿಳಿಯಲಿಲ್ಲ. ಮೇಜಿನ ಕೆಳಗೆ ಅವನ ಕಾಲು ಸರಕ್ಕನೆ ಹಿಂದೆ ಹೋದದ್ದು ನೊಯ್ಲಿನ್‌ಳ ಮೊಣಕಾಲಿಗೆ ತಿಳಿಯಿತು. ಅವನು ಮೇಜಿನ ಹಲಗೆ ನೋಡುತ್ತಿದ್ದ. ಅದೇ ಮೇಜು. ಅದೇ ಮೂಲೆಯಲ್ಲಿ ಅದೇ ಸೀಳು.

"ಅದು ಫೋನಲ್ಲಿಲ್ಲ," ಎಂದ ಕೊನೆಗೆ. ದನಿ ಒಡೆದಿತ್ತು. "ಸುಳ್ಳು ಹೇಳಲ್ಲ ಅಂತಿದ್ರಿ."

"ಫೋನಲ್ಲಿದೆ ಅಂತ ನಾನೆಲ್ಲಂದೆ? ಅದ್ರಲ್ಲಿ ಒಂದು ಮಾತು ಸುಳ್ಳಿದ್ರೆ ಹೇಳಪ್ಪ. ನೀನೇ ಅಲ್ವಾ ಅಲ್ಲಿದ್ದಿದ್ದು."

ಅವನು ಫೋನು ಎತ್ತಿಕೊಂಡ, ಗೊಂಚಲು ಎತ್ತಿಕೊಂಡ. ಗೊಂಚಲು ಅವನ ಕೈಯಲ್ಲಿ ಗಲಗಲ ಎಂದಿತು. ಎದ್ದು ನಿಂತು, "ನಡಿ ನೋಯ್, ಮನೆಗೆ ಹೋಗಣ," ಎಂದ.

ನೊಯ್ಲಿನ್ ಏಳಲಿಲ್ಲ. ಅದು ಧೈರ್ಯವೆಂದು ಹೇಳಿದರೆ ಸುಳ್ಳಾಗುತ್ತದೆ. ಏಳಬೇಕೆಂದೇ ಇತ್ತು, ಅಭ್ಯಾಸ ಹಾಗಿತ್ತು, ಆದರೆ ಕೈ ಮೇಜಿನ ಅಂಚನ್ನು ಬಿಡಲಿಲ್ಲ. ಅವಳು ಮುದುಕಿಯ ಕಡೆ ನೋಡಿದಳು. ಇವಳು ಇಲ್ಲೇ ಇರುತ್ತಾಳೆ ಎಂದು ಮಿಸ್ ಹೇಳುತ್ತಾಳೆಂದು ಕಾದಳು. ಮಿಸ್ ಮೇಜಿನ ಮೇಲೆ ಬಿದ್ದಿದ್ದ ಅಗುಳನ್ನು ಬೆರಳಿನಿಂದ ಒಟ್ಟು ಮಾಡುತ್ತಿದ್ದಳು.

ಎವೆಲಿಯೊ ಬಾಗಿಲ ಕಡೆ ನಡೆದ. "ಆರು ಗಂಟೆಗೆ ಬರ್ತೀನಿ," ಎಂದ. "ಸಿದ್ಧವಾಗಿರು." ಗೇಟಿನ ಚಿಲಕ ಎರಡು ಸಲ ಸದ್ದು ಮಾಡಿತು.

ಆಗ ಎರಡು ಗಂಟೆ. ಆಮೇಲಿನ ನಾಲ್ಕು ಗಂಟೆ ಹೇಗೆ ಕಳೆಯಿತೆಂದು ಕೇಳಿದರೆ ನೊಯ್ಲಿನ್‌ಗೆ ಹೇಳಲಾಗದು. ಬೀದಿಯಲ್ಲಿ ಪ್ರತಿ ಕಾರು ನಿಧಾನವಾದಾಗಲೂ ಕಿಟಕಿಗೆ ಹೋಗಿ ನೋಡುತ್ತಿದ್ದಳು. ಅವನು ಅತ್ತು ಬಂದರೆ? ಕುಡಿದು ಬಂದರೆ? ಐಸ್ ತಂದರೆ? ಮೂರನೆಯದೇ ಎಲ್ಲಕ್ಕಿಂತ ಭಯವಾಗಿತ್ತು. ಐಸ್ ತಂದರೆ ತಾನು ಹೋಗಿಬಿಡುತ್ತೇನೆಂದು ಅವಳಿಗೆ ಗೊತ್ತಿತ್ತು.

"ಮಿಸ್, ನೀವೇ ಹೇಳ್ಬಿಡಿ. ಅವಳು ಬರಲ್ಲ ಅಂತ. ನಿಮ್ಮ ಮಾತು ಕೇಳ್ತಾನೆ."

"ನೀನು ಬರಲ್ಲ ಅಂತ ನಂಗೇನು ಗೊತ್ತು?" ಮುದುಕಿ ಪಾತ್ರೆ ತೊಳೆಯುತ್ತಿದ್ದಳು. "ನೀನಿನ್ನೂ ಹೇಳೇ ಇಲ್ವಲ್ಲ."

"ಹೇಳಿದ್ನಲ್ಲ. ಕೇಳಿಸ್ಕೊಂಡ್ರಲ್ಲ."

"ಅವನಿಗೆ ಬರ್ದೇ ಇರೋ ಭಾಷೇಲಿ ಹೇಳ್ದೆ. ನಾನು ಹೇಳೋಕೆ ಆ ಮನುಷ್ಯ ಸಾಯೋವರ್ಗೂ ಕಾದೆ. ಇಬ್ರದೂ ಒಂದೇ ಜಾಣತನ." ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು. "ಹಾಸಿಗೆ ಇದೆ, ಅನ್ನ ಇದೆ. ಬಾಗಿಲಿಗೆ ಚಿಲಕ ಇದೆ. ಮಾತು ಮಾತ್ರ ನನ್ನ ಹತ್ರ ಇಲ್ಲ ಮಗಾ. ಇದ್ದಿದ್ದು ಮಧ್ಯಾಹ್ನ ಖರ್ಚಾಯ್ತು."

ಆರು ಗಂಟೆಗೆ ಸರಿಯಾಗಿ ಗೇಟಿನ ಚಿಲಕ ಸದ್ದಾಯಿತು. ನಮ್ಮ ಕೇರಿಯಲ್ಲಿ ಭಾನುವಾರ ಆ ಹೊತ್ತಿಗೆ ಯಾರೂ ಮನೆಯೊಳಗಿರುವುದಿಲ್ಲ. ಎಲ್ಲ ಜಗಲಿಗಳಲ್ಲೂ ಜನ, ಒಬ್ಬಳು ಮಗಳಿಗೆ ಜಡೆ ಹೆಣೆಯುತ್ತಿದ್ದಳು, ಇಬ್ಬರು ಡಾಮಿನೊ ಆಟದ ಬಿಲ್ಲೆ ಬಡಿಯುತ್ತಿದ್ದರು. ಎವೆಲಿಯೊ ಅಂಗಿ ಬದಲಾಯಿಸಿ, ತಲೆ ಬಾಚಿಕೊಂಡು ಬಂದಿದ್ದ. ಮೆಟ್ಟಿಲ ಕೆಳಗೆ ನಿಂತ. ಅವನ ಕೈಯಲ್ಲಿ ಕಾಗದದ ಲೋಟ ಇತ್ತು. ಕೆಂಪು ನೀರು ಅವನ ಬೆರಳಿನ ಮೇಲೆ ಇಳಿಯುತ್ತಿತ್ತು.

"ನೋಯ್," ಎಂದ, ಮೆತ್ತಗೆ. "ತಗೋ. ಕರಗ್ತಿದೆ. ಬಾ."

ನೊಯ್ಲಿನ್ ಜಗಲಿಗೆ ಬಂದಳು. ಕಾಲು ತಾನಾಗಿಯೇ ಒಂದು ಮೆಟ್ಟಿಲು ಇಳಿಯಿತು. ಎದುರು ಜಗಲಿಯಿಂದ ಜಡೆ ಹೆಣೆಯುತ್ತಿದ್ದವಳು, "ಅದೃಷ್ಟವಂತೆ ಕಣೇ. ಹೇಗಿದ್ದೀಯ ನೊಯ್ಲಿನ್?" ಎಂದು ಕೂಗಿ ಕೇಳಿದಳು.

ನೊಯ್ಲಿನ್ ಕಂಬ ಹಿಡಿದುಕೊಂಡಳು. ಎಲ್ಲಾ ಭೇಷ್ ಎಂಬುದು ತುಟಿಯವರೆಗೆ ಬಂದಿತ್ತು.

"ಹೆದ್ರಿಕೆ ಆಗ್ತಿದೆ," ಎಂದಳು.

"ಏನಂದೆ?"

"ಹೆದ್ರಿಕೆ ಆಗ್ತಿದೆ ಅಂದೆ. ನಾನು ಅವನ ಜೊತೆ ಹೋಗಲ್ಲ." ದನಿ ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಮೇಲೆದ್ದಿತು. ಡಾಮಿನೊ ಬಡಿಯುವ ಸದ್ದು ನಿಂತಿತು. "ನನ್ನ ಹೆಸ್ರು ನೊಯ್ಲಿನ್. ಇವನು ನನ್ನ ಗಂಡ ಎವೆಲಿಯೊ. ನಾನು ಹಬ್ಬದಲ್ಲಿ ಜೋರಾಗಿ ನಕ್ಕೆ ಅಂತ..."

ಎರಡು ಸಲ ಮಾತು ತಪ್ಪಿ ಮತ್ತೆ ಮೊದಲಿನಿಂದ ಹಿಡಿದಳು. ಎವೆಲಿಯೊ ಗೇಟಿನತ್ತ ಒಮ್ಮೆ, ಜಗಲಿಗಳತ್ತ ಒಮ್ಮೆ ನೋಡಿದ. ಹಿಂದೆ ಬಾಗಿಲಲ್ಲಿ ಮಿಸ್ ಇಸಿಲ್ಡಾ ನಿಂತಿದ್ದಳು, ಒಂದು ಪದವನ್ನೂ ಎತ್ತಿಕೊಡಲಿಲ್ಲ. ಒಂದು ನಿಮಿಷ ಮೂವತ್ತೆಂಟು ಸೆಕೆಂಡಿಗಿಂತ ಬಹಳ ಹೆಚ್ಚೇ ಹಿಡಿಯಿತು. ಕಲ್ಲು ಹೇಳಿದಳು, ಕೈ ಹೇಳಿದಳು, ಬಿಡಲೇ ಎಂದು ಕೇಳಿದ್ದನ್ನು ಹೇಳಿದಳು, ಅವನ ಬೆರಳಿನಿಂದ ತೊಟ್ಟಿಕ್ಕುತ್ತಿದ್ದ ಐಸನ್ನು ತೋರಿಸಿ ಅದರ ಬಣ್ಣ ಹೇಳಿದಳು. ಕೇಳಿದ್ದಕ್ಕೆ ಧನ್ಯವಾದ ಎಂದು ಮಾತ್ರ ಹೇಳಲಿಲ್ಲ.